ಮಾಂದಲಪಟ್ಟಿಯಲ್ಲಿ ಒಂದು ಹಗಲು

ಕೊಡಗಿನ ಗೃಹಸ್ಥರಿಗೆ ವರ್ಷದಲ್ಲಿ ಬಿಡುವಿನ ದಿನಗಳು ಬಹಳ ಕಡಿಮೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಕಳೆಯುವವರೆಗೆ ಮಳೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಬಳಿಕ ಕಣದಲ್ಲಿ ಒಣಗಿಸುವ ಕೆಲಸ. ಮಾರ್ಚ್ ಬಂತೆಂದರೆ ಹೂಮಳೆಗಾಗಿ ಆಕಾಶ ನೋಡುವ ಕಾಲ. ಮಳೆ ಹಿಂದೆ ಸರಿದು ಕೊಯ್ಲು ಇನ್ನೂ ಮೊದಲಾಗದ ಅಕ್ಟೋಬರಿನ ಆ ಕೆಲವು ವಾರಗಳಲ್ಲಿಯೇ ಮನೆಮಂದಿಯೆಲ್ಲ ಒಟ್ಟಾಗಿ ಎಲ್ಲಿಗಾದರೂ ಹೋಗಿಬರಬೇಕು. ದಸರೆಯ ರಜೆಯೂ ಆಗಲೇ ಬೀಳುವುದರಿಂದ ಮಕ್ಕಳು ಮನೆಯಲ್ಲಿರುತ್ತಾರೆ. ರಾತ್ರಿ ತಂಗದೆ, ಹೆಚ್ಚು ಹಣ ವ್ಯಯಿಸದೆ, ಹಿರಿಯರನ್ನೂ ಕರೆದುಕೊಂಡು ಒಂದೇ ಹಗಲಿನಲ್ಲಿ ಹೋಗಿಬರಬಹುದಾದ ಸ್ಥಳ ಯಾವುದೆಂದು ಓದುಗ ಬಂಧುಗಳು ಆಗಾಗ ಕೇಳುತ್ತಿರುತ್ತಾರೆ. ಆದುದರಿಂದ ಈ ತಿಂಗಳ ಅಂಕಣವನ್ನು ನಮ್ಮ ಮನೆಯವರು ಮೂರ್ನಾಡಿನಿಂದ ಕೈಗೊಂಡ ಇಂಥದೊಂದು ಪ್ರವಾಸಕ್ಕೆ ಮೀಸಲಿಟ್ಟಿದ್ದೇವೆ.

ಎಲ್ಲಿಗೆ ಹೋಗುವುದೆಂಬ ಚರ್ಚೆಯೇ ಎರಡು ಸಂಜೆ ನಡೆಯಿತು. ಹಿರಿಯರಲ್ಲಿ ಕೆಲವರು ತಲಕಾವೇರಿ ಎಂದರು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಕ್ಕಳು ಮಾಂದಲಪಟ್ಟಿ ಎಂದು ಹಟ ಹಿಡಿದರು. 2008ರಲ್ಲಿ ತೆರೆಕಂಡ ಯೋಗರಾಜ ಭಟ್ಟರ 'ಗಾಳಿಪಟ' ಚಿತ್ರದಲ್ಲಿ ಆ ಬೆಟ್ಟ 'ಮುಗಿಲುಪೇಟೆ'ಯಾಗಿ ಕಾಣಿಸಿಕೊಂಡಂದಿನಿಂದ ಅದರ ಹೆಸರು ನಾಡಿಗೆಲ್ಲ ಗೊತ್ತು. ಅದಕ್ಕೂ ಮುಂಚೆ ಅಲ್ಲಿಗೆ ಹೋಗುತ್ತಿದ್ದವರು ದನ ಮೇಯಿಸುವವರು, ಹುಲ್ಲು ತರುವವರು, ಒಬ್ಬಿಬ್ಬರು ಚಾರಣಿಗರು, ಇಷ್ಟೇ.

ಈ ಚರ್ಚೆಯನ್ನು ತೀರ್ಮಾನಿಸಿದವರು ನಮ್ಮ ದೊಡ್ಡಮ್ಮನವರು. ಅವರಿಗೀಗ ಎಂಬತ್ತೊಂದು. ಶನಿವಾರಸಂತೆಯ ಕಡೆಯಿಂದ ಮೂರ್ನಾಡಿಗೆ ಸೊಸೆಯಾಗಿ ಬಂದು ಅರವತ್ತು ವರ್ಷ ಮೀರಿತು. ಮೊಣಕಾಲಿನ ನೋವಿನಿಂದಾಗಿ ಮನೆಯ ಮೆಟ್ಟಿಲಿಳಿಯುವುದೂ ಈಚೆಗೆ ಕಷ್ಟ. ಅವರನ್ನು ಮನೆಯಲ್ಲಿಯೇ ಬಿಟ್ಟು, ಜೊತೆಗೆ ಒಬ್ಬರನ್ನಿರಿಸಿ ಹೋಗುವುದೆಂದು ಎಲ್ಲರೂ ಮನಸ್ಸಿನಲ್ಲಿಯೇ ಎಣಿಸಿಕೊಂಡಿದ್ದರು, ಬಾಯಿಬಿಟ್ಟು ಹೇಳಿದವರಿಲ್ಲ. ಅವರಿಗೆ ಅದು ತಿಳಿಯದೆ ಇರುತ್ತದೆಯೇ? "ತಲಕಾವೇರಿಗೆ ನೆಂಟರು ಬಂದಾಗಲೆಲ್ಲ ಹೋಗಿದ್ದೇನೆ. ಈ ಬೆಟ್ಟಗಳನ್ನು ಮಾತ್ರ ಬಂದ ದಿನದಿಂದ ಕೆಳಗೆ ನಿಂತೇ ನೋಡಿದ್ದಾಯಿತು. ಮೇಲೆ ಏನಿದೆಯೆಂದು ಒಮ್ಮೆ ನೋಡಿಬಿಡುತ್ತೇನೆ. ಜೀಪು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನಾನೂ ಬರುತ್ತೇನೆ" ಎಂದರು. ವೈದ್ಯರನ್ನು ಕೇಳಿದೆವು, ಮುಂದಿನ ಆಸನ, ಬೆನ್ನಿಗೊಂದು ದಿಂಬು, ಮೊಣಕಾಲಿಗೆ ಪಟ್ಟಿ, ನಿಧಾನ ಗತಿ, ಇಷ್ಟಿದ್ದರೆ ಆಗಬಹುದೆಂದರು.

ಇಲ್ಲಿ ನಮ್ಮ ಅಭಿಪ್ರಾಯವೊಂದನ್ನು ಹೇಳಿಬಿಡುತ್ತೇವೆ. ಮನೆಮಂದಿಯ ಪ್ರವಾಸವೆಂದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ಹೊಂದಿಸಿಕೊಳ್ಳಬೇಕಾದದ್ದು. ಈಚೆಗೆ ಮುದುಕರನ್ನು ಮನೆ ಕಾಯಲು ಬಿಟ್ಟು, ಹಿಂದಿರುಗಿದ ಮೇಲೆ ಮೊಬೈಲಿನಲ್ಲಿ ಚಿತ್ರ ತೋರಿಸುವ ಪದ್ಧತಿ ನಮ್ಮ ಕುಟುಂಬಗಳಲ್ಲಿಯೂ ಬೆಳೆಯುತ್ತಿದೆ. ಅದು ನಮಗೆ ಹಿಡಿಸುವುದಿಲ್ಲ.

ಭಾನುವಾರ ಬೇಡವೆಂದು ಬುಧವಾರವನ್ನು ಆರಿಸಿಕೊಂಡೆವು. ಹೆಣ್ಣುಮಕ್ಕಳು ಹಿಂದಿನ ಸಂಜೆಯೇ ಬುತ್ತಿಯ ಸಿದ್ಧತೆ ಮಾಡಿಟ್ಟಿದ್ದರು. ಬೆಳಗಿನ ನಾಲ್ಕೂವರೆಗೆಲ್ಲ ಸ್ನಾನ, ಲಿಂಗಪೂಜೆ ಮುಗಿಸಿ, ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಚಿತ್ರಾನ್ನ, ಮೊಸರನ್ನಗಳನ್ನು ಸ್ಟೀಲಿನ ಡಬ್ಬಿಗಳಲ್ಲಿ ತುಂಬಿಸಿ, ತೋಟದಿಂದ ಕೊಯ್ದ ಬಾಳೆಲೆಗಳನ್ನು ಸುರುಳಿ ಸುತ್ತಿ, ನೀರಿಗೆ ತಾಮ್ರದ ತಂಬಿಗೆ ಮತ್ತು ಎರಡು ದೊಡ್ಡ ಕ್ಯಾನುಗಳನ್ನು ತೆಗೆದುಕೊಂಡು ಹೊರಟೆವು. ಮೂರ್ನಾಡಿನಿಂದ ಮೇಕೇರಿಯ ಮಾರ್ಗವಾಗಿ ಮಡಿಕೇರಿಗೆ ಅರ್ಧ ಗಂಟೆಯ ಪ್ರಯಾಣ. ಅಲ್ಲಿಂದ ಮುಂದಕ್ಕೆ ಸಾಮಾನ್ಯ ಕಾರುಗಳಿಗೆ ಆ ಏರು ದಾರಿ ಒಗ್ಗದು. ನಾಲ್ಕೂ ಚಕ್ರಗಳಿಗೆ ಎಳೆಯುವ ಶಕ್ತಿಯಿರುವ ಬಾಡಿಗೆ ಜೀಪೇ ಬೇಕು. ನಮಗೆ ದೊರೆತ ಚಾಲಕರು ನಲವತ್ತರ ಆಸುಪಾಸಿನವರು, ಮಿತಭಾಷಿ. ದೊಡ್ಡಮ್ಮನವರನ್ನು ನೋಡಿದ ಕೂಡಲೇ, "ಅಜ್ಜಿಯವರು ಬರುತ್ತಾರೆಯೇ? ಹಾಗಾದರೆ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ನೀವು ಅವಸರ ಮಾಡಬಾರದು" ಎಂದು ಮೊದಲೇ ಷರತ್ತು ಹಾಕಿದರು.

ಅಬ್ಬಿ ಜಲಪಾತದ ಕಡೆಯ ರಸ್ತೆಯನ್ನು ಹಿಡಿದು ಕಾಫಿ ತೋಟಗಳ ನಡುವೆ ಸಾಗಿ, ಅರಣ್ಯ ಇಲಾಖೆಯ ಗೇಟಿನಲ್ಲಿ ಪ್ರವೇಶ ಶುಲ್ಕ ಕಟ್ಟಿ ಮೇಲೇರಿದೆವು. ಕಡೆಯ ಕೆಲವು ಕಿಲೋಮೀಟರುಗಳ ಕುಲುಕಾಟವನ್ನು ಬಣ್ಣಿಸುವ ಅಗತ್ಯವಿಲ್ಲ. ಮಕ್ಕಳು ಪ್ರತಿಯೊಂದು ಹಳ್ಳಕ್ಕೂ ಕೇಕೆ ಹಾಕಿದರು. ದೊಡ್ಡಮ್ಮನವರು ಕಣ್ಣು ಮುಚ್ಚಿ ಕೈಯಲ್ಲಿ ಕರಡಿಗೆಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು.

ಶಿಖರದ ಬಳಿ ಇಳಿದಾಗ ಎದುರಿಗೆ ಏನೇನೂ ಇಲ್ಲ. ಹತ್ತು ಮಾರು ಆಚೆಗೆ ಬರಿಯ ಬಿಳಿ ಮಂಜು, ನಿಂತವರನ್ನು ತಳ್ಳುವಂಥ ಗಾಳಿ. ನಮ್ಮ ಮುಂದೆ ಬಂದಿದ್ದ ತರುಣರ ತಂಡವೊಂದು ಅರ್ಧ ಗಂಟೆ ಕಾದು, ಬೇಸರಗೊಂಡು, ಕೂಗಾಡುತ್ತ ಇಳಿದುಹೋಯಿತು. ನಾವು ದೊಡ್ಡಮ್ಮನವರನ್ನು ಜಮಖಾನೆಯ ಮೇಲೆ ಕೂರಿಸಿ, ಕಂಬಳಿ ಹೊದಿಸಿ, ಫ್ಲಾಸ್ಕಿನ ಕಾಫಿ ಕೊಟ್ಟೆವು. ಅವರಿಗೆ ಅವಸರವೇ ಇರಲಿಲ್ಲ. ಸುಮಾರು ಒಂದು ಗಂಟೆಯ ಬಳಿಕ ಮಂಜಿನಲ್ಲೊಂದು ಕಂಡಿ ಬಿತ್ತು. ನೋಡನೋಡುತ್ತಿದ್ದಂತೆ ಅದು ಅಗಲವಾಯಿತು. ಹಸಿರು ಹುಲ್ಲಿನ ದಿಣ್ಣೆಗಳು ಒಂದರ ಹಿಂದೊಂದು, ಅವುಗಳ ಮಡಿಲಿನಲ್ಲಿ ಕಪ್ಪನೆಯ ಕಾಡಿನ ಪಟ್ಟಿಗಳು, ದೂರದಲ್ಲಿ ಪುಷ್ಪಗಿರಿಯ ಸಾಲು. ಮಕ್ಕಳ ಗಲಾಟೆಯೂ ನಿಂತಿತು. ದೊಡ್ಡಮ್ಮನವರು ಬಹಳ ಹೊತ್ತು ನೋಡಿ, "ಇಷ್ಟು ಅಗಲವಿದೆಯೆಂದು ಯಾರೂ ಹೇಳಿರಲಿಲ್ಲ" ಎಂದರು.

ಆ ನೋಟದಲ್ಲಿ ಒಂದು ಬೋಳು ಕಲೆ. ಎದುರಿನ ಇಳಿಜಾರಿನಲ್ಲಿ ಮೇಲಿಂದ ಕೆಳಗಿನವರೆಗೆ ಕೆಂಪು ಮಣ್ಣಿನ ಉದ್ದನೆಯ ಗೀರು. ಅದರ ಅಂಚುಗಳಲ್ಲಿ ಕುರುಚಲು ಬೆಳೆದಿದ್ದರೂ ನಡುವೆ ಇನ್ನೂ ಹುಲ್ಲು ಹಿಡಿದಿಲ್ಲ. "ಅಲ್ಲಿ ಯಾಕೆ ಹುಲ್ಲಿಲ್ಲ?" ಎಂದು ಮೊಮ್ಮಗಳು ಕೇಳಿದಳು. ಚಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಕುಸಿದ ಜಾಗ. ಅಂಥದ್ದೇ ಒಂದರಲ್ಲಿ ನಮ್ಮ ತೋಟ ಹೋಯಿತು, ಮಗೂ. ಇಲ್ಲಿಂದ ಕಾಣುವುದಿಲ್ಲ, ಆ ದಿಣ್ಣೆಯ ಹಿಂದಕ್ಕೆ" ಎಂದರು.

2018ರ ಆಗಸ್ಟ್ ತಿಂಗಳ ನಡುವಣ ಆ ದಿನಗಳನ್ನು ಕೊಡಗಿನವರು ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಒಂದೊಂದು ಊರಿನ ಮೇಲೂ ಬೆಟ್ಟ ಜಾರಿ ಬಂದಿತು. ಚಾಲಕರ ಅಣ್ಣತಮ್ಮಂದಿರ ಪಾಲಿಗೆ ಬಂದಿದ್ದ ಕಾಫಿ ತೋಟ, ಕೊಟ್ಟಿಗೆ, ಮನೆಯ ಹಿಂದಿನ ಗೋಡೆ ಎಲ್ಲವೂ ಒಂದೇ ಮುಂಜಾನೆ ಕೆಳಗಿನ ಹೊಳೆಗೆ ಇಳಿದುಹೋದವು. ಮನೆಯವರು ಹಿಂದಿನ ಸಂಜೆಯೇ ಹೊರಬಿದ್ದಿದ್ದರಿಂದ ಜೀವಗಳು ಉಳಿದವು. ಹೇಗೆ ತಿಳಿಯಿತೆಂದು ದೊಡ್ಡಮ್ಮನವರು ಕೇಳಿದಾಗ ಅವರು ಹೇಳಿದ್ದನ್ನು, ಇಳಿಜಾರಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಓದುಗರೆಲ್ಲರೂ ಗಮನಿಸಬೇಕೆಂದು ಇಲ್ಲಿ ಬರೆಯುತ್ತೇವೆ. ಮನೆಯ ಹಿಂದಿನ ಒರತೆಯಲ್ಲಿ ಸದಾ ತಿಳಿಯಾಗಿ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು. ಎರಡು ದಿನ ಮೊದಲು ಅಂಗಳದಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ತೋಟದ ಸಿಲ್ವರ್ ಮರಗಳು ಒಂದೇ ದಿಕ್ಕಿಗೆ ವಾಲಿದವು. ಮುಚ್ಚಿದ್ದ ಬಾಗಿಲು ತೆರೆಯಲು ಬಾರದೆ ಬಿಗಿಯಾಯಿತು. ಅವರ ತಂದೆ, "ಮನೆ ಅಲುಗಿದೆ, ಇನ್ನು ಇಲ್ಲಿ ಇರುವುದು ಬೇಡ" ಎಂದು ಎಲ್ಲರನ್ನೂ ಹೊರಡಿಸಿದರಂತೆ. ಈಗ ಅವರ ಅಣ್ಣನ ಸಂಸಾರ ಜಂಬೂರಿನಲ್ಲಿ ಸರ್ಕಾರ ಕಟ್ಟಿಕೊಟ್ಟ ಮನೆಯಲ್ಲಿದೆ. ಇವರು ಸಾಲ ಮಾಡಿ ಜೀಪು ಕೊಂಡು ಈ ಬೆಟ್ಟಕ್ಕೇ ಜನರನ್ನು ಕರೆತರುತ್ತಿದ್ದಾರೆ.

ಅದಕ್ಕೂ ಈ ಬೆಟ್ಟದ ಹುಲ್ಲಿಗೂ ಸಂಬಂಧವಿಲ್ಲವೇ ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಆಗಲೇ ಎದ್ದಿತ್ತು. ಈ ಎತ್ತರದ ಬೆಟ್ಟಗಳ ರಚನೆಯೇ ಬೇರೆ. ಗಾಳಿಗೆ ಒಡ್ಡಿಕೊಂಡ ದಿಣ್ಣೆಗಳ ಮೇಲೆ ಹುಲ್ಲು, ಮಡಿಲುಗಳಲ್ಲಿ ಗಿಡ್ಡ ಮರಗಳ ಶೋಲಾ ಕಾಡು. ಮೇಲ್ಮಣ್ಣು ತೆಳು; ಅದನ್ನು ಹಿಡಿದಿರುವುದು ಹುಲ್ಲಿನ ಬೇರಿನ ಹೆಣಿಗೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯನ್ನು ಈ ಹುಲ್ಲು ಮತ್ತು ಶೋಲಾ ನಿಧಾನವಾಗಿ ಹೀರಿಕೊಂಡು, ಬೇಸಿಗೆಯಲ್ಲಿ ಒರತೆಯಾಗಿ ಕೆಳಗೆ ಬಿಡುತ್ತವೆ. ಹುಲ್ಲಿನ ಮೇಲೆ ಜೀಪಿನ ಚಕ್ರ ಒಮ್ಮೆ ಹೋದರೆ ಬರಿಯ ಗುರುತು. ನೂರು ಬಾರಿ ಹೋದರೆ ಚರಂಡಿ. ಮುಂದಿನ ಮಳೆಗೆ ನೀರು ಮಣ್ಣಿಗೆ ಇಂಗದೆ ಆ ಚರಂಡಿಯಲ್ಲಿ ಧುಮುಕಿ, ಮಣ್ಣನ್ನೂ ಹೊತ್ತುಕೊಂಡು ಓಡುತ್ತದೆ. 2018ರ ಕುಸಿತಗಳಿಗೆ ಅತಿಯಾದ ಮಳೆಯೇ ಮುಖ್ಯ ಕಾರಣವಾದರೂ, ರಸ್ತೆಗಾಗಿ ಮತ್ತು ಕಟ್ಟಡಗಳಿಗಾಗಿ ಇಳಿಜಾರಿನ ಬುಡವನ್ನು ಕಡಿದ ಕಡೆ ನೆಲ ಬಲಗುಂದಿತ್ತೆಂಬುದನ್ನು ತಜ್ಞರು ಆಗಲೇ ಹೇಳಿದ್ದಾರೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಪಕ್ಕದ ಬೆಟ್ಟ ಜಾರಿ ಅಲ್ಲಿನ ಅರ್ಚಕರ ಮನೆಯನ್ನೇ ನುಂಗಿದ ದುರಂತವೂ ನಮ್ಮ ಕಣ್ಣೆದುರಿಗಿದೆ.

ಮೊಮ್ಮಗ ಕೇಳಿದ: "ಇಲ್ಲಿ ಬಿದ್ದ ಮಳೆ ನಮ್ಮ ಮೂರ್ನಾಡಿಗೆ ಬರುತ್ತದೆಯೇ?" ಒಳ್ಳೆಯ ಪ್ರಶ್ನೆ. ಬರುವುದಿಲ್ಲ. ಮೂರ್ನಾಡಿನ ಬಳಿಯ ಬಲಮುರಿಯಲ್ಲಿ ಹರಿಯುವ ಕಾವೇರಿ ತಲಕಾವೇರಿ, ಭಾಗಮಂಡಲಗಳ ಕಡೆಯಿಂದ ಬಂದವಳು. ಈ ಬೆಟ್ಟಗಳ ಪೂರ್ವದ ನೀರು ಹಟ್ಟಿಹೊಳೆಯ ಮೂಲಕ ಹಾರಂಗಿ ಜಲಾಶಯಕ್ಕೆ ಇಳಿದು, ಆಮೇಲೆ ಕೂಡಿಗೆಯ ಬಳಿ ಅವಳನ್ನು ಸೇರುತ್ತದೆ. 2018ರಲ್ಲಿ ಕುಸಿದ ಮಣ್ಣಿನ ಒಂದು ಪಾಲು ಆ ಜಲಾಶಯದ ತಳದಲ್ಲಿ ಹೂಳಾಗಿ ಕುಳಿತಿದೆ. ಚಾಲಕರ ತೋಟದ ಮಣ್ಣೂ ಅಲ್ಲಿಯೇ ಎಲ್ಲೋ ಇದ್ದೀತು.

ಹಾಗಾದರೆ ಬೆಟ್ಟಕ್ಕೆ ಜೀಪು ಹತ್ತಿಸುವುದನ್ನೇ ನಿಲ್ಲಿಸಬೇಕೆ? ಹಾಗೆಂದು ಬರೆದುಬಿಡುವುದು ಲೇಖನಿ ಹಿಡಿದವರಿಗೆ ಸುಲಭ. ಬೆಟ್ಟ ಕುಸಿದು ತೋಟ ಕಳೆದುಕೊಂಡವರಿಗೆ ಅದೇ ಬೆಟ್ಟದ ಪ್ರವಾಸಿಗರೇ ಇಂದು ಅನ್ನವಾಗಿದ್ದಾರೆ. ಎಂಬತ್ತೊಂದರ ದೊಡ್ಡಮ್ಮನವರು ಆ ನೋಟವನ್ನು ಕಂಡದ್ದೂ ಜೀಪಿನಿಂದಲೇ. ನಾವು ಈ ಮಾತನ್ನು ಚಾಲಕರ ಎದುರಿಗೇ ಎತ್ತಿದೆವು. ಅವರು ಮುನಿಸಿಕೊಳ್ಳಲಿಲ್ಲ. "ಒಂದೇ ಜಾಡಿನಲ್ಲಿ ಹೋದರೆ ತೊಂದರೆ ಅಷ್ಟಿಲ್ಲ. ಬಂದವರು ಅಲ್ಲಿ ಹತ್ತಿಸು, ಇಲ್ಲಿ ಇಳಿಸು, ಹುಲ್ಲಿನ ಮೇಲೆ ಸುತ್ತಿಸು ಎನ್ನುತ್ತಾರೆ. ಇಲ್ಲವೆಂದರೆ ನಾಳೆ ಇನ್ನೊಬ್ಬನ ಜೀಪು ಹಿಡಿಯುತ್ತಾರೆ. ದಿನಕ್ಕೆ ಇಂತಿಷ್ಟೇ ಗಾಡಿ ಎಂದು ಸರದಿ ಮಾಡಿದರೆ ನಮಗೂ ನೆಮ್ಮದಿ" ಎಂದರು. ನಮಗೂ ಅದು ಸರಿಯೆನಿಸಿತು. ಸಂಖ್ಯೆಗೊಂದು ಮಿತಿ, ಜಾಡಿಗೊಂದು ಮಿತಿ, ಮಳೆಗಾಲದಲ್ಲಿ ಬೆಟ್ಟಕ್ಕೆ ಪೂರ್ಣ ವಿಶ್ರಾಂತಿ. ಅದು ಸರ್ಕಾರದಿಂದ ಆಗಬೇಕಾದ ಕೆಲಸ. ಜಾಡು ಬಿಟ್ಟು ಓಡಿಸೆಂದು ಚಾಲಕರನ್ನು ಪೀಡಿಸದಿರುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.

ಜಪಾನಿನಲ್ಲಿ ಓಜೆ ಎಂಬ ಎತ್ತರದ ಜೌಗುಭೂಮಿಯೊಂದಿದೆ. ಸುತ್ತ ಬೆಟ್ಟಗಳು, ನಡುವೆ ಹೂ ಬಿಡುವ ಬಯಲು. ಪ್ರವಾಸಿಗರ ಪಾದಗಳಿಂದಲೇ ಆ ನೆಲ ಹಾಳಾಗತೊಡಗಿದಾಗ ಅಲ್ಲಿಯವರು ಉದ್ದಕ್ಕೂ ಮರದ ಹಲಗೆಗಳ ಕಾಲುದಾರಿ ಹಾಸಿದರು. ಅದರಿಂದಾಚೆಗೆ ಯಾರೂ ಕಾಲಿಡುವಂತಿಲ್ಲ. 1972ರಲ್ಲಿ ಇದ್ದಬದ್ದ ಕಸದ ಡಬ್ಬಿಗಳನ್ನೂ ತೆಗೆದುಹಾಕಿದರು. ತಂದವರೇ ತಮ್ಮ ಕಸವನ್ನು ಮನೆಗೆ ಒಯ್ಯಬೇಕೆಂಬ ಪದ್ಧತಿ ಅಲ್ಲಿ ಬೇರೂರಿ, ದೇಶದ ಬೇರೆ ಬೆಟ್ಟಗಳಿಗೂ ಹರಡಿತು. 2016ರಿಂದ ಆ ದೇಶದಲ್ಲಿ ಆಗಸ್ಟ್ 11 'ಬೆಟ್ಟದ ದಿನ'ವೆಂದು ರಾಷ್ಟ್ರೀಯ ರಜೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಡಬ್ಬಿ ಇಟ್ಟರೆ ಕಸ ಕಡಿಮೆಯಾಗುತ್ತದೆಂಬುದು ನಮ್ಮ ಎಣಿಕೆ. ಡಬ್ಬಿ ತೆಗೆದರೆ ಕಡಿಮೆಯಾಗುತ್ತದೆಂಬುದು ಅವರು ಕಂಡುಕೊಂಡದ್ದು. ಮಾಂದಲಪಟ್ಟಿಯ ಹುಲ್ಲಿನಲ್ಲಿ ನಮ್ಮ ಮಕ್ಕಳು ಅರ್ಧ ಗಂಟೆಯಲ್ಲಿ ಆಯ್ದ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಪ್ಲಾಸ್ಟಿಕ್ ಲೋಟಗಳಿಂದ ಒಂದು ಗೋಣಿಚೀಲ ತುಂಬಿತು. ಕರ್ನಾಟಕದಲ್ಲಿ 2016ರಿಂದಲೂ, ದೇಶಾದ್ಯಂತ 2022ರ ಜುಲೈ 1ರಿಂದಲೂ ಇಂಥ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ ಎಂಬುದನ್ನು ಗೋಣಿಚೀಲ ಒಪ್ಪುವಂತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಗಾಳಿ ತಾಕದ ಒಂದು ಬದಿಯನ್ನು ಹುಡುಕಿ ಬಾಳೆಲೆ ಹಾಸಿದೆವು. ಚಾಲಕರು ಜೀಪಿನ ಬಳಿಯೇ ನಿಂತಿದ್ದರು. ಮನೆಯಿಂದ ಡಬ್ಬಿ ತಂದಿದ್ದೇನೆಂದರು. "ಅದನ್ನು ಸಂಜೆಗೆ ಇಟ್ಟುಕೋ ಮಗಾ. ನಾವು ಉಣ್ಣುವಾಗ ನೀನು ನಿಂತಿರುವುದು ಉಂಟೇ?" ಎಂದು ದೊಡ್ಡಮ್ಮನವರು ತಮ್ಮ ಪಕ್ಕದಲ್ಲಿಯೇ ಎಲೆ ಹಾಕಿಸಿದರು. ಊಟದ ನಡುವೆ ಇಬ್ಬರೂ ಕಾಫಿಯ ಬೆಲೆ, ಮೆಣಸಿನ ಬಳ್ಳಿಯ ರೋಗ, ಹೊಸ ತೋಟಕ್ಕೆ ಜಾಗ ಸಿಗುವ ಕಷ್ಟ ಇವುಗಳನ್ನೇ ಮಾತನಾಡಿದರು. 2021ರ ಆಗಸ್ಟಿನಲ್ಲಿ ಈ ಇಳಿಜಾರುಗಳೂ ಕೋಟೆಬೆಟ್ಟವೂ ನೀಲಕುರಿಂಜಿಯಿಂದ ತುಂಬಿದ್ದನ್ನು ಚಾಲಕರು ವರ್ಣಿಸಿದರು. ಹಲವು ವರ್ಷಗಳಿಗೊಮ್ಮೆ ಅರಳುವ ಆ ಹೂವನ್ನು ಬಂದವರು ಕೊಂಬೆಸಹಿತ ಮುರಿದುಕೊಂಡು ಹೋದರಂತೆ. ಹೂ ಉದುರಿ ಬೀಜ ಬಿದ್ದರೆ ತಾನೆ ಮುಂದಿನ ಬಾರಿಗೆ ಗಿಡ? ಅದನ್ನು ಕೇಳಿ ದೊಡ್ಡಮ್ಮನವರು ತುತ್ತನ್ನು ಎಲೆಯಲ್ಲಿಯೇ ಇಟ್ಟು, "ದೇವರ ಮನೆಗೂ ಗಿಡ ಬೋಳಿಸಿ ಹೂ ತರುವುದಿಲ್ಲವಲ್ಲ" ಎಂದರು.

ಎರಡು ಗಂಟೆಗೆ ಮತ್ತೆ ಮಂಜು ಕವಿಯಿತು; ಇಳಿದೆವು. ಮಡಿಕೇರಿಯಲ್ಲಿ ಸಮಯವಿದ್ದುದರಿಂದ ಗದ್ದುಗೆಗೆ ಹೋದೆವು. ಹಾಲೇರಿ ವಂಶದ ವೀರಶೈವ ಅರಸರ ಸಮಾಧಿಗಳು ಅಲ್ಲಿವೆ: ದೊಡ್ಡ ವೀರರಾಜೇಂದ್ರರು ಮತ್ತು ರಾಣಿ ಮಹದೇವಮ್ಮಾಜಿಯವರದು ನಡುವೆ, 1820ರಲ್ಲಿ ಲಿಂಗೈಕ್ಯರಾದ ಲಿಂಗರಾಜೇಂದ್ರರದು ಪಕ್ಕದಲ್ಲಿ, ಸಮೀಪದಲ್ಲಿಯೇ ಅರಸರಿಗಾಗಿ ಹೋರಾಡಿ ಮಡಿದ ದಂಡನಾಯಕ ಬಿದ್ದಂಡ ಬೋಪು ಅವರ ಸಮಾಧಿ. ಗುಮ್ಮಟ, ಮಿನಾರುಗಳ ನಡುವೆ ನಂದಿ ಕುಳಿತಿರುವ ಆ ಕಟ್ಟಡದ ಸೊಗಸೇ ಬೇರೆ. ಅದರ ಅಂಗಳದ ಹುಲ್ಲನ್ನು ಊಟದ ಜಾಗ ಮಾಡಿಕೊಂಡಿದ್ದ ಕೆಲವರನ್ನು ಕಂಡೆವು. ಗದ್ದುಗೆಯೆಂಬ ಮಾತಿನ ಅರ್ಥ ತಿಳಿಯದವರಿರಬಹುದು. ನಮ್ಮ ಮಕ್ಕಳಿಗಾದರೂ ತಿಳಿದಿರಲೆಂದು ಅಲ್ಲಿ ಪಾದರಕ್ಷೆ ಕಳಚಿಸಿ ಒಳಗೆ ಕರೆದುಕೊಂಡು ಹೋದೆವು.

ಸೂರ್ಯಾಸ್ತಕ್ಕೆ ರಾಜಾಸೀಟ್. ಅರಸರು ಸಂಜೆಯ ಹೊತ್ತು ಕಳೆಯುತ್ತಿದ್ದರೆಂದು ಹೇಳುವ ಆ ಮಂಟಪದಿಂದ ಪಶ್ಚಿಮದ ಕಣಿವೆ ಪೂರ್ತಿ ಕಾಣುತ್ತದೆ. ಹೂತೋಟ, ಕುಳಿತುಕೊಳ್ಳಲು ಆಸನಗಳು, ಪಟ್ಟಣದೊಳಗೇ ಇರುವ ಅನುಕೂಲ; ಮೊಣಕಾಲು ನೋವಿನವರಿಗೆ ಇದಕ್ಕಿಂತ ಸುಲಭವಾದ ಎತ್ತರ ಕೊಡಗಿನಲ್ಲಿಲ್ಲ. ಜೀಪಿನ ಕುಲುಕಾಟ ಆಗದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಗದ್ದುಗೆ, ಓಂಕಾರೇಶ್ವರ, ರಾಜಾಸೀಟ್ ಇಷ್ಟನ್ನೇ ಇಟ್ಟುಕೊಂಡರೂ ದಿನ ತುಂಬುತ್ತದೆ. ಆದರೆ ದೊಡ್ಡಮ್ಮನವರನ್ನು ಯಾವುದು ಹಿಡಿಸಿತೆಂದು ಕೇಳಿದಾಗ, ಕೆಂಪಾಗುತ್ತಿದ್ದ ಕಣಿವೆಯನ್ನು ನೋಡುತ್ತ, "ಇದೂ ಚೆನ್ನಾಗಿದೆ" ಎಂದಷ್ಟೇ ಹೇಳಿ, ಚಾಲಕರು ಸಾಲ ತೀರಿಸಲು ಇನ್ನೆಷ್ಟು ವರ್ಷ ಬೇಕಾದೀತೆಂದು ನಮ್ಮನ್ನೇ ಕೇಳಿದರು.

ಹೋಗಬಯಸುವ ಓದುಗರಿಗೆ ಕೆಲವು ಸೂಚನೆಗಳು. ಅಕ್ಟೋಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ; ಫೆಬ್ರವರಿಯ ಬಳಿಕ ಹುಲ್ಲು ಒಣಗುವುದರಿಂದ ಬೆಂಕಿಕಡ್ಡಿ, ಒಲೆ ಯಾವುದನ್ನೂ ಒಯ್ಯಬೇಡಿ. ಮಳೆಗಾಲದಲ್ಲಿ ಜಿಲ್ಲಾಡಳಿತವು ಆಗಾಗ ಪ್ರವೇಶ ನಿರ್ಬಂಧಿಸುತ್ತದೆ. ಹೊರಡುವ ಮುನ್ನ ವಿಚಾರಿಸಿ, ನಿರ್ಬಂಧವಿದ್ದರೆ ಹಟ ಮಾಡಬೇಡಿ. ಬೆಳಿಗ್ಗೆ ಬೇಗ ಹೋಗಿ, ಮಂಜು ಕಂಡರೆ ಒಂದು ಗಂಟೆಯಾದರೂ ಕಾಯಿರಿ. ಕಂಬಳಿ, ಕಿವಿ ಮುಚ್ಚುವ ಬಟ್ಟೆ, ಕುಡಿಯುವ ನೀರು ಜೊತೆಗಿರಲಿ. ವೃದ್ಧರಿಗೆ ಮುಂದಿನ ಆಸನ ಬೇಕೆಂದು ಜೀಪು ಗೊತ್ತುಮಾಡುವಾಗಲೇ ಹೇಳಿ, ಜಾಡು ಬಿಟ್ಟು ಹೋಗಬೇಡಿರೆಂದೂ ಆಗಲೇ ಹೇಳಿ. ಒಂದು ಖಾಲಿ ಗೋಣಿಚೀಲವನ್ನು ಮಾತ್ರ ಮರೆಯಬೇಡಿ. ನಮ್ಮದನ್ನು ಮಡಿಕೇರಿಯವರೆಗೆ ತಂದು ಕಸದ ಗಾಡಿಗೆ ಹಾಕುವಾಗ, ಇನ್ನೊಂದಿದ್ದರೆ ಅದೂ ತುಂಬುತ್ತಿತ್ತೆಂದು ಮೊಮ್ಮಗಳು ಹೇಳಿದಳು.